ರಷ್ಯಾದ ಕೆಳದರ್ಜೆಯ ಲೀಗಿಗೆ ಮೂರು ತಾಲ್ಲೂಕುಗಳ ಅರ್ಜಿ

ಇವರಿಗೆ,
ಮಾನ್ಯ ಪದಾಧಿಕಾರಿಗಳು,
ಪ್ರಾದೇಶಿಕ ಫುಟ್‌ಬಾಲ್ ಲೀಗ್ (ಎಲ್ಲಕ್ಕಿಂತ ಕೆಳಗಿನ ದರ್ಜೆ), ರಷ್ಯಾ.

ಇವರಿಂದ,
ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಪರವಾಗಿ ಒಬ್ಬ ಪ್ರೇಕ್ಷಕ, ಕಲಬುರಗಿ ಜಿಲ್ಲೆ.

ವಿಷಯ: ತಮ್ಮ ಲೀಗಿನ ಕೊನೆಯ ಸ್ಥಾನವೊಂದನ್ನು ನಮಗೆ ಮಂಜೂರು ಮಾಡುವ ಕುರಿತು.
ಉಲ್ಲೇಖ: ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ, 2002.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಕೆಳದರ್ಜೆಯಲ್ಲಿ ಆಡುವ ಅನುಭವ ನಮ್ಮ ಮೂರೂ ತಾಲ್ಲೂಕುಗಳಿಗೆ ಧಾರಾಳವಾಗಿದೆ. ಫುಟ್‌ಬಾಲ್‌ನಲ್ಲಲ್ಲ, ಅಭಿವೃದ್ಧಿಯಲ್ಲಿ.

ಪುರಾವೆಗೆ ಉಲ್ಲೇಖಿತ ವರದಿಯನ್ನು ನೋಡಬಹುದು. ಅಂದಿದ್ದ 175 ತಾಲ್ಲೂಕುಗಳನ್ನು 35 ಸೂಚ್ಯಂಕಗಳಿಂದ ಅಳೆದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಅದಕ್ಕಿಂತ ಕೆಳಗಿದ್ದ 114 ತಾಲ್ಲೂಕುಗಳನ್ನು ಸಮಿತಿ ಮೂರು ದರ್ಜೆಗೆ ಹಂಚಿತು: ಹಿಂದುಳಿದವು 35, ಅತಿ ಹಿಂದುಳಿದವು 40, ಅತ್ಯಂತ ಹಿಂದುಳಿದವು 39. ನಾವು ಮೂವರೂ ಕೊನೆಯ ದರ್ಜೆಗೆ ಅರ್ಹತೆ ಪಡೆದೆವು. ಯಾರ ಶಿಫಾರಸೂ ಬೇಕಾಗಲಿಲ್ಲ.

ಮುಂದಿನದು ಸೀಸನ್ನಿನ ವಿಚಾರ. ನಿಮ್ಮಲ್ಲಿ ವಸಂತದಲ್ಲಿ ಶುರುವಾದ ಆಟ ಹಿಮ ಬೀಳುವ ಹೊತ್ತಿಗೆ ಮುಗಿಯುತ್ತದಂತೆ. ಇಷ್ಟು ಅವಸರ ಏಕೆ? ನಮ್ಮಲ್ಲಿ ಸಮಿತಿ 8 ವರ್ಷಕ್ಕೆ 31,000 ಕೋಟಿ ರೂಪಾಯಿಯ ಲೆಕ್ಕ ಕೊಟ್ಟಿತು. 2007-08ರಲ್ಲಿ ವಿಶೇಷ ಅಭಿವೃದ್ಧಿ ಯೋಜನೆಯ ಸೀಟಿ ಊದಲಾಯಿತು. ಎಂಟು ವರ್ಷ ಮುಗಿದವು, ಅಂಕ ಸಾಲಲಿಲ್ಲ, ಹೆಚ್ಚುವರಿ ಸಮಯ ಕೊಟ್ಟರು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ಬಂತು. ಅಂದರೆ ಒಂದು ಪಟ್ಟಿಯಿಂದ ಮುಂದಿನ ಪಟ್ಟಿಯ ತಯಾರಿಗೇ 22 ವರ್ಷ. ನಿಮ್ಮ ಲೀಗಿನಲ್ಲಿ ಎಲ್ಲ ಪಂದ್ಯ ಸೋತ ತಂಡಕ್ಕೂ ಮುಂದಿನ ವರ್ಷ ಉಳಿದವರ ಜೊತೆ ಸೊನ್ನೆಯಿಂದ ಶುರು ಮಾಡುವ ಹಕ್ಕಿದೆ ಎಂದು ಕೇಳಿ ನಮ್ಮೂರ ಕಟ್ಟೆಯಲ್ಲಿ ಯಾರೂ ನಂಬಲಿಲ್ಲ.

ಹತ್ತಿರದ ಬೆಂಗಳೂರನ್ನು ಬಿಟ್ಟು ರಷ್ಯಾಕ್ಕೆ ಅರ್ಜಿ ಏಕೆ ಎಂದು ತಾವು ಕೇಳಬಹುದು. ಬೆಂಗಳೂರಿನಲ್ಲಿ ಸೂಪರ್ ಡಿವಿಷನ್ ಇದೆ. ಅದರ ಕೆಳಗೆ ಎ, ಬಿ, ಸಿ ಡಿವಿಷನ್‌ಗಳೂ ಇವೆ. ಆದರೆ ಆ ಏಣಿಯ ಕಡೆಯ ಮೆಟ್ಟಿಲೂ ನಮ್ಮಿಂದ ಸುಮಾರು 600 ಕಿ.ಮೀ. ದೂರ. ನಿಮ್ಮಲ್ಲಿ ಮಾಸ್ಕೋದಿಂದ ವ್ಲಾದಿವೊಸ್ತೋಕ್‌ಗೆ ರೈಲು ಹಾದಿ 9,289 ಕಿ.ಮೀ.; ಆದರೂ ಆ ತುದಿಯ ಊರಿನ ತಂಡ 2006ರಿಂದ 2008ರವರೆಗೆ ಪ್ರೀಮಿಯರ್ ಲೀಗಿನಲ್ಲಿ ಆಡಿತು. ಮಾಸ್ಕೋದ ಸಿರಿವಂತ ಕ್ಲಬ್ಬುಗಳು ವಿಮಾನ ಹತ್ತಿ ಅಲ್ಲಿಗೆ ಹೋಗಲೇಬೇಕಾಯಿತು. ರಾಜಧಾನಿಯವರು ಪಂದ್ಯ ಆಡಲು ಗಡಿ ಊರಿಗೆ ಹೋಗುವುದೆಂದರೆ ಏನು ಎಂಬುದು ನಮ್ಮ ಕಲ್ಪನೆಗೂ ನಿಲುಕದು. ನಮ್ಮ ಕಡೆ ಅವರು ಚುನಾವಣೆಗೆ ಬರುತ್ತಾರೆ, ಅದೂ ಹೆಲಿಕಾಪ್ಟರ್‌ನಲ್ಲಿ.

ಹಾಗೆಂದು ಕರ್ನಾಟಕದ ಫುಟ್‌ಬಾಲ್ ಚಿಕ್ಕದೆಂದು ತಿಳಿಯಬೇಡಿ. 2023ರ ಮಾರ್ಚ್ 4ರಂದು ಮೇಘಾಲಯವನ್ನು 3-2ರಿಂದ ಸೋಲಿಸಿ, ಹಿಂದೆ ಮೈಸೂರು ಎಂಬ ಹೆಸರಲ್ಲಿ ಗೆದ್ದಿದ್ದ ಸಂತೋಷ್ ಟ್ರೋಫಿಯನ್ನು 54 ವರ್ಷಗಳ ಬಳಿಕ ಮತ್ತೆ ತಂದಿದ್ದೇವೆ. ಫೈನಲ್ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಅಲ್ಲಿಯವರೆಗೆ ಹೋದ ಫುಟ್‌ಬಾಲ್‌ಗೆ ಜೇವರ್ಗಿಯ ದಾರಿ ಸಿಕ್ಕಿಲ್ಲ. ಕ್ರಿಕೆಟ್‌ನಲ್ಲಿ ನಮ್ಮ ಸಾಧನೆ ಇನ್ನೂ ದೊಡ್ಡದು. 2022ರ ಮೊದಲ ಮಹಾರಾಜ ಟ್ರೋಫಿ ಗೆದ್ದದ್ದು ಗುಲ್ಬರ್ಗಾ ಮಿಸ್ಟಿಕ್ಸ್. ಪಂದ್ಯಗಳೆಲ್ಲ ಮೈಸೂರು, ಬೆಂಗಳೂರಿನಲ್ಲಿ ನಡೆದವು. ಗುಲ್ಬರ್ಗಾದಲ್ಲಿ ಒಂದೂ ಚೆಂಡು ಬೀಳದೆ ಗುಲ್ಬರ್ಗಾ ಚಾಂಪಿಯನ್ ಆಯಿತು.

ಅಂದಹಾಗೆ, ಹೊರಗಿರುವ ಕಷ್ಟ ನಿಮಗೂ ಗೊತ್ತು. ನಿಮ್ಮ ದೇಶ ಯುಕ್ರೇನ್ ಮೇಲೆ ದಂಡೆತ್ತಿ ಹೋದಾಗ 2022ರ ಫೆಬ್ರವರಿಯಲ್ಲಿ ಫಿಫಾ, ಯುಇಎಫ್‌ಎಗಳು ನಿಮ್ಮ ತಂಡಗಳನ್ನು ಅಂತರರಾಷ್ಟ್ರೀಯ ಆಟದಿಂದ ಹೊರಗಿಟ್ಟವು. ಅದಕ್ಕೊಂದು ಕಾರಣವಿತ್ತು. ನಾವು ಯಾರ ಮೇಲೂ ಯುದ್ಧ ಮಾಡದೆ ಹೊರಗಿದ್ದೇವೆ.

ಇನ್ನು ನಮ್ಮ ಅರ್ಹತೆಗಳು. ಈಗಿನ ಕ್ರೀಡಾ ವ್ಯವಸ್ಥೆ ಬಹಳ ಚುರುಕು. ದಸರಾ ಕ್ರೀಡಾಕೂಟ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುತ್ತದೆ. ಬೆಳಿಗ್ಗೆ ಉದ್ಘಾಟನೆ, ಭಾಷಣ, ಸನ್ಮಾನ, ಮಧ್ಯಾಹ್ನ ಆಟ. ಮೊದಲ ಸುತ್ತಿನಲ್ಲಿ ಸೋತ ಹುಡುಗ ಸಂಜೆಯ ಬಸ್ಸಿಗೆ ಊರಿಗೆ ವಾಪಸು, ಅವನ ವರ್ಷ ಅಲ್ಲಿಗೆ ಮುಗಿಯಿತು. ಒಂದು ಸೀಸನ್ನನ್ನು ಅರ್ಧ ದಿನದಲ್ಲಿ ಮುಗಿಸುವ ಈ ವಿದ್ಯೆಯನ್ನು ನಿಮಗೆ ಉಚಿತವಾಗಿ ಕಲಿಸಿಕೊಡಲು ಸಿದ್ಧರಿದ್ದೇವೆ. ಜೊತೆಗೆ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟುಗಳ ಫ್ಲೆಕ್ಸ್ ವಿದ್ಯೆಯೂ ಇದೆ. ಅದರಲ್ಲಿ ಹನ್ನೊಂದು ಆಟಗಾರರಿಗೆ ಇಪ್ಪತ್ತು ಮುಖಂಡರು.

ವಾತಾವರಣ: ನಿಮಗೆ ಹಿಮ, ನಮಗೆ ಬಿಸಿಲು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಮಳೆಗಾಲದಲ್ಲಿ ಎರಿ ಮಣ್ಣು ಬೂಟಿಗೆ ಮೆತ್ತಿ ಕಾಲನ್ನೇ ಬಿಡುವುದಿಲ್ಲ. ಆದ್ದರಿಂದ ನವೆಂಬರ್‌ನಿಂದ ಫೆಬ್ರವರಿ ನಮ್ಮ ಕಾಲ. ನಡುವೆ ತೊಗರಿ ರಾಶಿಗೆ ಬಿಡುವು ಬೇಕು. 2019ರಲ್ಲಿ ಭೌಗೋಳಿಕ ಗುರುತು ಪಡೆದ ತೊಗರಿ ಅದು, ನಮ್ಮ ಗೋಲ್‌ಕೀಪರ್ ಹೊಲಕ್ಕಿಳಿಯದೆ ರಾಶಿ ಆಗುವುದಿಲ್ಲ.

ಆಟಗಾರರ ವರ್ಗಾವಣೆ: ಇದರಲ್ಲಿ ನಾವು ಯುರೋಪಿಗೇ ಮಾದರಿ. ಸುಗ್ಗಿ ಮುಗಿಯುತ್ತಲೇ ನಮ್ಮ ಆಟಗಾರರು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರುಗಳಿಗೆ ಗುಳೆ ಹೋಗುತ್ತಾರೆ. ಯಾವ ಊರೂ ನಮಗೆ ವರ್ಗಾವಣೆ ಶುಲ್ಕ ಕೊಡುವುದಿಲ್ಲ.

ಪ್ರಯಾಣ: ಕಲಬುರಗಿ ಮೇಲೆ ಹೋದರೂ ಆಳಂದದಿಂದ ಜೇವರ್ಗಿ ನೂರು ಕಿ.ಮೀ. ಒಳಗೇ. ಹುಡುಗಿಯರ ತಂಡಕ್ಕೆ ಆ ಖರ್ಚೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಅವರಿಗೆ ಉಚಿತ. ಗುರುತಿನ ಚೀಟಿ ತೋರಿಸಿದರೆ ಸಾಕು, ಇಡೀ ತಂಡ ಪಂದ್ಯಕ್ಕೆ ಹೊರಡಬಹುದು. ಕೊರತೆ ಒಂದೇ: ಹೋಗಲು ಪಂದ್ಯವಿಲ್ಲ.

ನಮ್ಮ ಬೇಡಿಕೆಯ ಗಾತ್ರ ಕೇಳಿ ತಾವು ಗಾಬರಿಯಾಗಬಾರದು. ತಾಲ್ಲೂಕಿಗೊಂದು ತಂಡ, ತವರಿನಲ್ಲಿ ಒಮ್ಮೆ, ಎದುರಾಳಿಯ ಊರಲ್ಲಿ ಒಮ್ಮೆ ಎಂದರೆ ಒಟ್ಟು 6 ಪಂದ್ಯ. ತಾಲ್ಲೂಕಿಗೆರಡು ತಂಡವಾದರೆ 30. ಜೇವರ್ಗಿಯಿಂದ ಬೇರೆಯಾದ ಯಡ್ರಾಮಿ ತಾಲ್ಲೂಕನ್ನೂ ಸೇರಿಸಿಕೊಂಡರೆ ದಾಯಾದಿ ಕಲಹಕ್ಕೊಂದು ಸಭ್ಯ ವೇದಿಕೆಯೂ ಸಿಗುತ್ತದೆ. ಬೇಕಾದದ್ದು ಶಾಲಾ-ಕಾಲೇಜುಗಳ ಮೈದಾನ, ಸುಣ್ಣದ ಗೆರೆ, ಎರಡು ಜೊತೆ ಗೋಲ್ ಕಂಬ, ಊರಿನವನಲ್ಲದ ಒಬ್ಬ ರೆಫರಿ. ಕೊನೆಯದನ್ನು ಒತ್ತಿ ಹೇಳುತ್ತಿದ್ದೇನೆ.

ಈ ಅರ್ಜಿ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ತಾವು ಹಿಂದಿರುಗಿಸುವಿರೆಂದು ಬಲ್ಲೆ. ಹಾಗಾಗಿ ಪ್ರತಿಗಳನ್ನು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಹಾಗೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಸಲ್ಲಿಸಿದ್ದೇನೆ. ಆ ಮೂವರಲ್ಲಿ ನನ್ನ ಕೋರಿಕೆ ಇಷ್ಟೇ: ಕ್ರೀಡಾಂಗಣದ ಶಂಕುಸ್ಥಾಪನೆಗೆ ಬರುವ ಮೊದಲು ವೇಳಾಪಟ್ಟಿ ಕಳಿಸಿ. ಮೂವತ್ತು ಪಂದ್ಯಗಳ ಪಟ್ಟಿ ಒಂದು ಹಾಳೆಯಲ್ಲಿ ಹಿಡಿಸುತ್ತದೆ. ಅದರಲ್ಲಿ ನಾವು ಕೊನೆಯ ಸ್ಥಾನ ಪಡೆದರೂ ತಕರಾರಿಲ್ಲ, ಮುಂದಿನ ವರ್ಷ ಮತ್ತೆ ಆಡಲು ಬಿಟ್ಟರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಗ್ಯಾಲರಿ ಇಲ್ಲದ ಮೈದಾನದ ಪ್ರೇಕ್ಷಕ