ಗೋಣಿಚೀಲದ ಕರುಣೆ

ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಈ ಸಲ ನೀರಿನ ಟ್ಯಾಂಕರ್ ಬಗ್ಗೆ ಮಾತು ಹತ್ತು ನಿಮಿಷ. ಬೆಕ್ಕಿನ ಬಗ್ಗೆ ಒಂದೂವರೆ ಗಂಟೆ.

ಬೆಕ್ಕು ಮಾಡಿದ ಅಪರಾಧ? ಹೊಸ ಕಾರಿನ ಬಾನೆಟ್ ಮೇಲೆ ಹೆಜ್ಜೆ ಗುರುತು. ಹೋದ ತಿಂಗಳು ಅದೇ ಕಾರಿನ ವೈರನ್ನು ಇಲಿ ಕಡಿದು, ಗ್ಯಾರೇಜಿಗೆ ಸಾವಿರಗಟ್ಟಲೆ ಸುರಿದದ್ದು ಮಾಲೀಕರಿಗೆ ಮರೆತೇಹೋಗಿದೆ. ಇಲಿಯೂ ಬೇಡ, ಬೆಕ್ಕೂ ಬೇಡ. ಹಾವು ಸಾಕುತ್ತಾರೇನೋ.

'ಮರಿ ಸಮೇತ ಹಿಡಿದು ಮೀನು ಮಾರ್ಕೆಟ್ಟಿಗೆ ಬಿಟ್ಟುಬನ್ನಿ. ಅಲ್ಲಿ ಊಟಕ್ಕೇನೂ ತೊಂದರೆ ಇಲ್ಲ.' ಸರ್ವಾನುಮತ. ಇನ್ನೂ ಕಣ್ಣು ಬಿಡದ ಮರಿಗಳಿಗೆ ಬಂಗುಡೆ ಊಟ!

ಬೆಕ್ಕು ಕೊಂದವರು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂದು ನಂಬುವ ಜನ ನಾವು. ಆದ್ದರಿಂದ ಕೊಲ್ಲುವುದಿಲ್ಲ. ವಾಚ್‌ಮನ್ ಕೈಗೆ ಗೋಣಿಚೀಲವನ್ನೂ ನೂರು ರೂಪಾಯಿಯನ್ನೂ ಕೊಡುತ್ತೇವೆ. ಚಿನ್ನದ ರೇಟು ಗೊತ್ತಲ್ಲ.

ಇನ್ನು ಕರುಣಾಳುಗಳ ಪಕ್ಷ. ಮೂರನೇ ಮಹಡಿಯವರು ದಿನಾ ಹಾಲು ಇಡುತ್ತಾರೆ, ಫೋಟೊ ಹಾಕುತ್ತಾರೆ. 'ಒಂದು ಆಪರೇಷನ್ ಮಾಡಿಸೋಣ' ಅಂದೆ. 'ಅಯ್ಯೋ, ತಾಯ್ತನ ಕಿತ್ಕೊಳ್ಳೋದಾ? ಪಾಪ ಅಲ್ವಾ?' ಅಂದರು. ಒಂಬತ್ತು ವಾರದ ಬಸಿರು, ವರ್ಷಕ್ಕೆ ಎರಡು ಮೂರು ಸೂಲು. ಐದಾರು ತಿಂಗಳಾಗುವಷ್ಟರಲ್ಲಿ ಮರಿಯೇ ಬಸುರಿ. ಆ ತಾಯ್ತನವೆಲ್ಲ ಯಾವ ಗೋಣಿಚೀಲಕ್ಕೆ ಹೋಯಿತು ಎಂದು ಅವರು ಒಮ್ಮೆಯೂ ಕೇಳಿದ್ದಿಲ್ಲ.

ಬೆಕ್ಕನ್ನು ಓಡಿಸಿದರೆ ಜಾಗ ಖಾಲಿ ಉಳಿಯುತ್ತದೆಯೇ? ಕಸದ ಡಬ್ಬಿ ಇದೆ, ಇಲಿ ಇದೆ, ಮೂರನೇ ಮಹಡಿಯ ಹಾಲಿದೆ. ನಾವು ಟು-ಲೆಟ್ ಬೋರ್ಡ್ ಹಾಕಿದಂತೆ. ಪಕ್ಕದ ಬೀದಿಯ ಬೆಕ್ಕು ಅಡ್ವಾನ್ಸ್ ಕೊಡದೆ ಬಂದು ಸೇರಿಕೊಳ್ಳುತ್ತದೆ.

ಅದಕ್ಕೇ ತಿಳಿದವರು ಹೇಳುವುದು: ಹಿಡಿ, ಆಪರೇಷನ್ ಮಾಡಿಸು, ರೇಬಿಸ್ ಚುಚ್ಚುಮದ್ದು ಹಾಕಿಸು, ಹಿಡಿದಲ್ಲೇ ಬಿಡು. ಆಪರೇಷನ್ ಆಗಿದೆ ಎಂಬ ಗುರುತಿಗೆ, ಅರಿವಳಿಕೆಯಲ್ಲಿ ಇರುವಾಗಲೇ ಒಂದು ಕಿವಿಯ ತುದಿ ಚೂರು ಕತ್ತರಿಸುತ್ತಾರೆ. ಅಂಥ ಒಂದು ಬೆಕ್ಕು ಕಂಡದ್ದೇ ತಡ, ವಾಟ್ಸಾಪ್ ಗುಂಪಿನಲ್ಲಿ ಗೋಳೋ ಗೋಳು: 'ಯಾವ ರಾಕ್ಷಸ ಹೀಗೆ ಮಾಡಿದ?' ಬರೆದವರು ಯಾರು? ಗೋಣಿಚೀಲ ತರಿಸಿದ ಮಹಾನುಭಾವರೇ.

ಪ್ರಾಣಿ ಆಶ್ರಯಧಾಮಕ್ಕೆ ಫೋನ್ ಹೋಯಿತು. 'ಆಪರೇಷನ್ ಮಾಡಿ ವಾಪಸ್ ಅಲ್ಲೇ ಬಿಡ್ತೀವಿ' ಅಂದರು ಅವರು. 'ವಾಪಸ್ ತರೋದಾದ್ರೆ ನೀವ್ಯಾಕ್ರೀ ಇರೋದು?' ಅಂದರು ನಮ್ಮ ಕಾರ್ಯದರ್ಶಿ. ಇಂಥವರೇ ರಾತ್ರಿ ಹೊತ್ತು ರಟ್ಟಿನ ಡಬ್ಬದಲ್ಲಿ ಮರಿಗಳನ್ನು ತುಂಬಿ ಆಶ್ರಯಧಾಮಗಳ ಗೇಟಿನ ಮುಂದೆ ಇಟ್ಟು ಓಡುವುದು. ತಾಯಿ ಹಾಲಿಲ್ಲದ ಮರಿ, ಕಿಕ್ಕಿರಿದ ಪಂಜರ, ಒಂದಕ್ಕೆ ಸೋಂಕು ತಗುಲಿದರೆ ಸಾಲಾಗಿ ಎಲ್ಲಕ್ಕೂ. ಇವರ ಲೆಕ್ಕದಲ್ಲಿ ಮಾತ್ರ ಅವು 'ಒಳ್ಳೆ ಕಡೆ ಸೇರಿದವು'.

ಕಾನೂನು ಇಲ್ಲವೇ? ಇದೆ. ಆವರಣದ ಬೀದಿ ಪ್ರಾಣಿಗಳಿಗೆ ಊಟದ ವ್ಯವಸ್ಥೆ ಮಾಡುವ ಹೊಣೆ ನಿವಾಸಿಗಳ ಸಂಘದ್ದೇ ಎಂದು 2023ರ ನಿಯಮ ಹೇಳುತ್ತದೆ. ಸಭೆಯಲ್ಲಿ ಓದಿದೆ. ಎಲ್ಲರೂ ಫೋನ್ ನೋಡುತ್ತಿದ್ದರು. ಪ್ರಾಣಿಯನ್ನು ಉಪವಾಸ ಬೀಳುವಂತೆ ಬಿಟ್ಟುಬಂದರೆ 1960ರ ಕಾಯ್ದೆ ಮೊದಲ ಸಲಕ್ಕೆ ಬರೆದಿಟ್ಟ ದಂಡ 10ರಿಂದ 50 ರೂಪಾಯಿ. ವಾಚ್‌ಮನ್‌ಗೆ ಕೊಟ್ಟದ್ದೇ ಅದಕ್ಕಿಂತ ಹೆಚ್ಚು!

ಆ ನೂರು ರೂಪಾಯಿ ಈ ತಿಂಗಳ ಲೆಕ್ಕಪತ್ರದಲ್ಲಿ ಬಂದಿದೆ. 'ಸ್ವಚ್ಛತೆ' ಎಂಬ ತಲೆಬರಹದ ಕೆಳಗೆ. ಬಾನೆಟ್ ಮೇಲೆ ಹೊಸಬಳೊಬ್ಬಳು ಮಲಗಿದ್ದಾಳೆ. ತುಂಬಿದ ಬಸುರಿ.