ಗಾಲಿ ಮೇಲಿನ ಮನೆ ಕೊಳ್ಳುವ ಮುನ್ನ

ಒಂದು ಕುಟುಂಬ ಆರ್‌ವಿ ಎಂಬ ಗಾಲಿ ಮೇಲಿನ ಮನೆ ಕೊಂಡರೆ ಲಾಭವೋ ಲುಕ್ಸಾನೋ ಎಂದು ಅಧಿಕಾರವಾಣಿಯಿಂದ ಹೇಳಬಲ್ಲವರು ಬಹಳ ಜನ ಇಲ್ಲ. ಇದ್ದವರಲ್ಲಿ ನಾನೊಬ್ಬ. ಹದಿನೇಳು ಜಾತ್ರೆಗಳ ರಾತ್ರಿಯನ್ನು ಚಕ್ಕಡಿಯ ಕೆಳಗೂ ಒಂದನ್ನು ಚಕ್ಕಡಿಯ ಮೇಲೂ ಕಳೆದಿದ್ದೇನೆ. ಮೇಲೆ ಮಲಗಿದ ವರ್ಷ ಜ್ವರ ಬಂದಿತ್ತು. ಇಷ್ಟು ಅನುಭವ ನಮ್ಮೂರು ಹೊಂಬಳದಲ್ಲಿ ಬೇರೆಯವರಿಗೂ ಇದೆ, ಆದರೆ ಅವರು ಬರೆಯುವುದಿಲ್ಲ.

ಪ್ರಶ್ನೆ ಎದ್ದದ್ದು ಹೀಗೆ. ಟೆಕ್ಸಾಸ್‌ನಲ್ಲಿರುವ ಅಣ್ಣನ ಮಗ ದೀಪಾವಳಿಗೆ ಬಂದವನು ಮೊಬೈಲಿನಲ್ಲಿ ಬಸ್ಸಿನಂಥದ್ದೊಂದನ್ನು ತೋರಿಸಿದ. ಒಳಗೆ ಹಾಸಿಗೆ, ಒಲೆ, ಫ್ರಿಜ್ಜು. ಅಡಿಯಲ್ಲಿ ಮೂರು ಟ್ಯಾಂಕು: ಕುಡಿಯುವ ನೀರಿನದೊಂದು, ಮುಸುರೆ ನೀರಿನದೊಂದು, ಇನ್ನೊಂದಕ್ಕೆ ಕಪ್ಪು ಟ್ಯಾಂಕು ಎನ್ನುತ್ತಾರಂತೆ. ಎರೆ ಹೊಲದವರಿಗೆ ಕಪ್ಪು ಅಂದರೆ ಬೆಳೆ ಬರುವ ನೆಲ. ಹಾಗಾಗಿ ಆಸೆಯಿಂದಲೇ ವಿಚಾರಿಸಿದೆ.

"ಸಂಡಾಸದ್ದು ಕಾಕಾ. ತುಂಬಿದ ಮ್ಯಾಲೆ ಪೈಪ್ ಹಚ್ಚಿ ಖಾಲಿ ಮಾಡೂದು. ಅದಕ್ಕಂತನs ಜಾಗಾ ಇರ್ತಾವು."

ರೊಟ್ಟಿ ಬಡಿಯುತ್ತಿದ್ದ ನಮ್ಮವ್ವ ಕೈ ನಿಲ್ಲಿಸಿದಳು. "ಅದನ್ನ ಹೊತಗೊಂಡು ಯಲ್ಲಮ್ಮನ ಗುಡ್ಡಕ್ಕ ಹೋಗೂದೇನೋ ತಮ್ಮಾ?"

ತಾಂತ್ರಿಕ ಸಮಿತಿಯ ಮೊದಲ ಆಕ್ಷೇಪಣೆ ಎಂದು ಇದನ್ನು ದಾಖಲಿಸಿಕೊಂಡೆ. ಹುಡುಗ ಉತ್ತರ ಕೊಡಲಿಲ್ಲ, ರೊಟ್ಟಿ ತಿಂದ.

ಇನ್ನು ಲೆಕ್ಕ. ಸಾಲಕ್ಕೆ ಹೆದರುವ ಸೀಮೆ ನಮ್ಮದಲ್ಲ. ದೇಶದ ಮೊದಮೊದಲ ಸಹಕಾರ ಸಂಘಗಳಲ್ಲೊಂದು 1905ರಲ್ಲಿ ಹುಟ್ಟಿದ್ದು ನಮ್ಮದೇ ತಾಲೂಕಿನ ಕಣಗಿನಹಾಳದಲ್ಲಿ. ಆದ್ದರಿಂದ ದುಡ್ಡು ಎಲ್ಲಿಂದ ಬರುತ್ತದೆ ಎಂಬ ಕ್ಷುಲ್ಲಕ ಪ್ರಶ್ನೆಯನ್ನು ಬದಿಗಿಡೋಣ. ಗಾಡಿಗೆ 30 ಲಕ್ಷ ಅಂತ ಹಿಡಿಯಿರಿ. ವರ್ಷಕ್ಕೆ ಎಂಟು ರಾತ್ರಿ ಅದರಲ್ಲಿ ಮಲಗುತ್ತೀರಿ. ಒಕ್ಕಲುತನದ ಮನೆಗೆ ಅದಕ್ಕಿಂತ ಹೆಚ್ಚು ಪುರಸೊತ್ತು ಇರುವುದಿಲ್ಲ. ಹತ್ತು ವರ್ಷಕ್ಕೆ 80 ರಾತ್ರಿ. ಡೀಸೆಲ್, ವಿಮೆ, ತೆರಿಗೆ ಎಲ್ಲ ಬಿಟ್ಟರೂ ರಾತ್ರಿಯೊಂದಕ್ಕೆ 37,500 ರೂಪಾಯಿ. ಇಷ್ಟು ಕೊಟ್ಟು ಮಲಗಿದವನಿಗೆ ನಿದ್ದೆ ಬರುತ್ತದೆಯೇ ಎಂಬುದನ್ನು ವೈದ್ಯರು ಹೇಳಬೇಕು.

ಉಳಿದ 357 ದಿನ ಅದು ಹಿತ್ತಲಲ್ಲಿ ನಿಂತಿರುತ್ತದೆ. ಚಕ್ಕಡಿಗೆ ಆ ಭಾಗ್ಯವಿಲ್ಲ. ಜಾತ್ರೆಯಿಂದ ಬಂದ ಮರುದಿನವೇ ಕಮಾನು ಬಿಚ್ಚಿ ತಿಪ್ಪಿಯ ಗೊಬ್ಬರ ಹೇರುತ್ತಾರೆ. ಕಣಿಕಿ ತರುವುದು ಅದರಲ್ಲೇ, ಶೇಂಗಾ ಚೀಲ ಸಾಗಿಸುವುದು ಅದರಲ್ಲೇ. ಜಾತ್ರೆ ಬಂದರೆ ಮತ್ತೆ ತೊಳೆದು ಕಮಾನು ಕಟ್ಟಿ ತಾಡಪತ್ರಿ ಹೊದಿಸಿದರೆ ಸವಾರಿ ಬಂಡಿ. ಎತ್ತಿನ ಮೈಮೇಲೆ ಜೂಲ, ಕೊರಳಿಗೆ ಗೆಜ್ಜೆ. ಕಪ್ಪು ಟ್ಯಾಂಕಿನ ವಿಷಯದಲ್ಲಂತೂ ಹೋಲಿಕೆಯೇ ಸಲ್ಲ. ಎತ್ತು ದಾರಿಯುದ್ದಕ್ಕೂ ತಾನೇ ಖಾಲಿ ಮಾಡಿಕೊಳ್ಳುತ್ತದೆ, ಬಿಡಾರ ಹೂಡಿದಲ್ಲಿ ಹಾಕಿದ್ದನ್ನು ಹೆಂಗಸರು ಕುಳ್ಳು ತಟ್ಟುತ್ತಾರೆ.

ಅಮೆರಿಕದವರ ಮೇಲೆ ನನಗೆ ಸಿಟ್ಟಿಲ್ಲ. 1840ರ ದಶಕದಲ್ಲಿ ಆರೆಗಾನ್ ದಾರಿ ಹಿಡಿದು ಪಡುವಣಕ್ಕೆ ಹೋದ ಅವರ ಹಿರಿಯರೂ ಅರಿವೆ ಹೊದಿಸಿದ ಬಂಡಿ ಕಟ್ಟಿದವರೇ, ಬಹಳಷ್ಟಕ್ಕೆ ಹೂಡಿದ್ದೂ ಎತ್ತನ್ನೇ. ಬಂಡಿಯ ತುಂಬ ಸಾಮಾನು, ಮಂದಿ ಪಕ್ಕದಲ್ಲಿ ನಡೆಯುತ್ತಿದ್ದರು. ಆಮೇಲೆ ಎತ್ತು ಬಿಟ್ಟು ಫ್ರಿಜ್ಜು ಹಿಡಿದರು. ನಮ್ಮೂರಲ್ಲೂ ಈಗ ಎತ್ತಿನ ಜೋಡಿ ಎಣಿಸಿ ಹೇಳುವಷ್ಟೇ. ಹೆಚ್ಚಿನವರು ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ ಹುಲ್ಲು ಹಾಸಿ ಜಮಖಾನೆ ಹರವಿ ಹೋಗುತ್ತಾರೆ. ಅದು ಕಾನೂನಿಗೆ ವಿರುದ್ಧ, ಆದ್ದರಿಂದ ತಜ್ಞನಾಗಿ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಹೋದ ವರ್ಷ ಅದರಲ್ಲಿ ಜಾಗ ಬಹಳ ಇಕ್ಕಟ್ಟಾಗಿತ್ತು.

ಹಾಸಿಗೆಯ ಲೆಕ್ಕಕ್ಕೆ ಬರೋಣ. ಹುಡುಗ ತೋರಿಸಿದ ಗಾಡಿಯಲ್ಲಿ ನಾಲ್ವರು ಮಲಗಬಹುದು. ಕುಟುಂಬ ಅಂದರೆ ಎಷ್ಟು ಜನ ಎಂಬುದನ್ನು ಆ ಗಾಡಿ ಮಾಡಿದವರು ಯಾರನ್ನೂ ಕೇಳಿದಂತಿಲ್ಲ. ನಾವು ಬದಾಮಿಯ ಬನಶಂಕರಿ ಜಾತ್ರೆಗೆ ಹೊರಟಾಗ ಮನೆಯಲ್ಲಿ ಹನ್ನೊಂದು ಮಂದಿ, ಓಣಿ ದಾಟುವುದರೊಳಗೆ ಹದಿನಾರು. "ಬದಾಮಿ ತನಕ ಅಲ್ಲs ಯಪ್ಪಾ, ಒಂದು ಮುದುಕಿ ಏನ್ ಭಾರ ಆಗ್ತೇನು?" ಎಂದು ಹತ್ತಿದವಳು ಕಟಕ ರೊಟ್ಟಿಯ ದೊಡ್ಡ ಗಂಟನ್ನೂ ಗುರೆಳ್ಳ ಚಟ್ನಿಯನ್ನೂ ತಂದಿರುತ್ತಾಳೆ, ಇಳಿಸಲು ಬರುವುದಿಲ್ಲ. ಚಕ್ಕಡಿಗೆ ಬಾಗಿಲು ಇಲ್ಲದಿರುವುದೇ ಇದಕ್ಕೆ ಕಾರಣ ಎಂದು ನನ್ನ ಸಂಶೋಧನೆ. ಬಾಗಿಲಿದ್ದ ಗಾಡಿಯಲ್ಲಿ ಅದನ್ನು ಮುಚ್ಚಿದವನು ಕೆಟ್ಟವನಾಗುತ್ತಾನೆ, ಆ ವೆಚ್ಚ 37,500ರಲ್ಲಿ ಸೇರಿಲ್ಲ. ಊರಲ್ಲಿದ್ದಾಗಲೂ ಅಷ್ಟೇ. "ಮಲಗೂ ಗಾಡಿ ಐತೆಲ್ಲ, ಬಾಣಂತೀನ ಕರಕೊಂಡು ಬರಾಕ ಒಂದಿನ ಕೊಡ್ರಿ" ಎಂದರೆ ಇಲ್ಲ ಅನ್ನಲು ಯಾರಿಗೆ ಬಾಯಿ ಬರುತ್ತದೆ?

ಮಳೆಗಾಲದ ಮಾತು ಉದ್ದ ಮಾಡುವುದಿಲ್ಲ. ಎರೆಯಲ್ಲಿ ಸಿಕ್ಕ ಗಾಡಿಯನ್ನು ಎಳೆಯಲು ಕೊನೆಗೆ ಎತ್ತನ್ನೇ ಕರೆಯಬೇಕು. ಎತ್ತಿನವನು ದುಡ್ಡು ಕೇಳುವುದಿಲ್ಲ, ನಗುತ್ತಾನೆ.

ಬಾಡಿಗೆ ದಾರಿಯೂ ಉಂಟು. ಕೇರಳದವರು 2021ರಲ್ಲಿ ಕಾರವಾನ್ ಪ್ರವಾಸದ ಯೋಜನೆಯನ್ನೇ ತೆಗೆದರು. ಹುಡುಗ ಅದಕ್ಕೂ ತಯಾರಾದ. "ಕೊಳ್ಳೂದು ಬ್ಯಾಡ ಕಾಕಾ, ಬನಶಂಕರಿ ಜಾತ್ರಿಗೆ ಒಂದು ವಾರ ಬಾಡಗಿಗೆ ತರೂಣು."

ಸಮಿತಿಗೆ ಇದು ಒಪ್ಪಿಗೆಯಾಗುವುದರಲ್ಲಿತ್ತು. ಆಗ ಅವ್ವ ತನ್ನ ಎರಡನೆಯ ಮತ್ತು ಕೊನೆಯ ಆಕ್ಷೇಪಣೆ ಎತ್ತಿದಳು. ಬನಶಂಕರಿ ಜಾತ್ರೆಗೆ ಮಂದಿ ಹೋಗುವುದು ದೇವಿಯ ದರ್ಶನಕ್ಕೆ, ನಾಟಕಕ್ಕೆ, ಜೊತೆಗೆ ಬಾಗಿಲು ಚೌಕಟ್ಟಿಗೆ. ಅಲ್ಲಿ ಸಾಲುಸಾಲಾಗಿ ನಿಲ್ಲಿಸಿ ಮಾರುತ್ತಾರೆ. ಈ ಸಲ ನಮ್ಮ ಹೊಸ ಪಡಸಾಲೆಗೆ ಒಂದು ಬೇಕಿತ್ತು.

"ಆ ಗಾಡಿ ಬಾಗಲಾ ಎಷ್ಟ್ ಅಗಲ ಐತಿ ಕೇಳು."

ಹುಡುಗ ಮೊಬೈಲಿನಲ್ಲಿ ಹುಡುಕಿದ. ಎರಡು ಅಡಿ ಚಿಲ್ಲರೆ.

"ನಮ್ಮ ಚೌಕಟ್ಟು?"

ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಪಡಸಾಲೆಯ ಬಾಗಿಲಿಗೆ ಬಿಟ್ಟ ಜಾಗದಲ್ಲಿ ನಿಂತು ಎರಡೂ ಕೈ ಚಾಚಿದಳು. ಗೋಡೆಗೆ ಮುಟ್ಟಲಿಲ್ಲ. ಹುಡುಗ ಫೋನು ಕಿಸೆಗೆ ಹಾಕಿಕೊಂಡು, ಕೀಲೆಣ್ಣೆ ಎಲ್ಲಿಟ್ಟೀರಿ ಎಂದು ಕೇಳಿದ.