ಆ ಹಾಡು ನಿನಗೆ ಗೊತ್ತಿಲ್ಲ ಬಿಡು!

ತನ್ನನ್ನು ಪರಿಚಯ ಮಾಡಿಕೊಡಬೇಕಾಗಿ ಬಂತಲ್ಲ ಎಂಬುದೇ ಕುಡತಿನಿ ಬೂದಿದಿಬ್ಬಕ್ಕೆ ಅಸಮಾಧಾನ. ಬಳ್ಳಾರಿ–ಹೊಸಪೇಟೆ ನಡುವೆ ಓಡಾಡುವವರು ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ನೋಡುತ್ತಾರೆ, ದಿಬ್ಬವನ್ನಲ್ಲ. ನವಶಿಲಾಯುಗದ ದನಗಾಹಿಗಳು ಸಗಣಿ ಗುಡ್ಡೆ ಹಾಕಿ, ಸುಟ್ಟು, ಮತ್ತೆ ಹಾಕಿ, ಮತ್ತೆ ಸುಟ್ಟು ಬೆಳೆಸಿದ್ದು. ವಯಸ್ಸು ನಾಲ್ಕು ಸಾವಿರ ವರ್ಷದ ಮೇಲೆ. ಅಪರೂಪದ ಹಾಡುಗಳ ಕಟ್ಟಾ ಅಭಿಮಾನಿ ಎಂದು ಕೇಳಿ ಮಾತಾಡಿಸಲು ಹೋದೆವು. ಈ ಸೀಮೆಯಲ್ಲಿ ದೊಡ್ಡವರೆಲ್ಲ ತಾತಂದಿರೇ ಆದ್ದರಿಂದ ಹಾಗೇ ಕರೆದೆವು.

ನಾವು: ನಮಸ್ಕಾರ ತಾತಾ. ಈ ಹಾಡಿನ ಹುಚ್ಚು ಯಾವಾಗ ಹತ್ತಿತು?

ದಿಬ್ಬ: ಮೊದಲು ನೀ ಹೇಳು. ರಾಜಕುಮಾರ್ ಮೊದಲು ಹಾಡಿದ್ದು ಯಾವ ಸಿನಿಮಾದಾಗ?

ನಾವು: ‘ಸಂಪತ್ತಿಗೆ ಸವಾಲ್’. 1974.

ದಿಬ್ಬ: ಎಮ್ಮಿ ಮ್ಯಾಲೆ ಕುಂತು ಹಾಡಿದ್ದಷ್ಟೇ ನೋಡಿದವರ ಉತ್ತರ ಇದು. ಸ್ವಲ್ಪ ತಿಳಿದೋರು 1959ರ ‘ಮಹಿಷಾಸುರ ಮರ್ದಿನಿ’ ಅಂತಾರ, ಜಾನಕಮ್ಮನ ಜತಿಗೆ ಹಾಡಿದ್ದು. ನಮ್ಮಂಥೋರು ಸುಮ್ಮನಿದ್ದು ಕಡೀಗೆ 1956ರ ‘ಓಹಿಲೇಶ್ವರ’ ಅಂತೀವಿ. ಅಲ್ಲಿಗೆ ಎದುರಿನವನ ಬಾಯಿ ಬಂದ್.

ನಾವು: ಹೌದಾ! ಹೇಗಿದೆ ಆ ಹಾಡು?

ದಿಬ್ಬ: ಹೇಗೈತಿ ಅಂದ್ರ? ಐತಿ ಅಂತ ಗೊತ್ತಿದ್ರ ಸಾಕಾಗಂಗಿಲ್ಲೇನು? ಕೇಳಬೇಕಂತ ಎಲ್ಲಿ ಕಾನೂನೈತಿ?

ನಾವು: ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ್ದು…

ದಿಬ್ಬ: ‘ಕುಳ್ಳ ಏಜೆಂಟ್ 000’, 1972. ಒಗ್ಗಾಣಿ-ಮಿರ್ಚಿ ಅಂಗಡ್ಯಾಗ ತಟ್ಟೆ ತೊಳಿಯೋ ಹುಡುಗನೂ ಹೇಳ್ತಾನ. ಅವನು ಹೇಳಿದ ದಿನಾನ ಆ ಹಾಡು ಕೈಬಿಟ್ಟೆ. ಆಮ್ಯಾಲೆ ರಫಿ ಸಾಹೇಬರದು ಹಿಡಿದೆ, ‘ಒಂದೇ ಬಳ್ಳಿಯ ಹೂಗಳು’. ಲತಾಬಾಯಿದು, ‘ಸಂಗೊಳ್ಳಿ ರಾಯಣ್ಣ’. ಎರಡೂ 1967. ಈಗ ಅವೂ ಎಲ್ಲರ ಬಾಯಾಗ ಬಿದ್ದಾವ. ಎಲ್ಲಿ ಹೋಗಲಿ ಹೇಳು?

ನಾವು: ಹಂಪಿ ಹತ್ತಿರವೇ ಇದೆಯಲ್ಲ. ವಿಠ್ಠಲ ದೇವಸ್ಥಾನದ ಸಂಗೀತ ಕಂಬಗಳು?

ದಿಬ್ಬ: ಅದು ಹಿಟ್ ಹಾಡು ತಮ್ಮಾ. ಬಂದ ಬಂದವರೆಲ್ಲ ಬಡಿದು ಬಡಿದು, ಈಗ ಮುಟ್ಟಬ್ಯಾಡ್ರಿ ಅಂತ ಕಾವಲು ಹಾಕ್ಯಾರ. ನನ್ನ ಹಾಡು ಬ್ಯಾರೆ. ಸಂಗನಕಲ್ಲು ಹತ್ತಿರ ಕುಪ್ಪಗಲ್ಲು ಗುಡ್ಡದಾಗ ಕರಿಕಲ್ಲಿನ ಬಂಡಿ ಅದಾವ. ಗುಂಡುಕಲ್ಲಿಲೆ ಬಡಿದ್ರ ಗಂಟಿ ಹೊಡದಂಗ ನಾದ. ಬಡಿದಲ್ಲೇ ಬಡಿದು ಕಲ್ಲು ತಗ್ಗು ಬಿದ್ದೈತಿ. ಸುತ್ತ ಉದ್ದ ಕೊಂಬಿನ ಎತ್ತುಗಳ ಚಿತ್ರ. 1892ರಾಗ ಫಾಸೆಟ್ ಅನ್ನೋ ಇಂಗ್ಲಿಷಿನವ ಆ ಚಿತ್ರಗಳ ಮ್ಯಾಲೆ ಬರೆದ. 2004ರಾಗ ನಿಕೋಲ್ ಬೊಯ್ವಿನ್ ಅನ್ನೋ ಹೆಣ್ಣಮಗಳು ಚಿತ್ರಕ್ಕೂ ನಾದಕ್ಕೂ ನಂಟು ಐತಿ ಅಂತ ‘ಆಂಟಿಕ್ವಿಟಿ’ ಪತ್ರಿಕೆಯಾಗ ಬರೆದಳು. ನಡುವಿನ ನೂರು ಚಿಲ್ಲರ ವರ್ಷ ಆ ಹಾಡಿಗೆ ನಾನೊಬ್ಬನೇ ಅಭಿಮಾನಿ. ಎಂಥಾ ಸುಖದ ಕಾಲ!

ನಾವು: ಅದು ಬಳ್ಳಾರಿಯ ಆಚೆ ಕಡೆ. ಇಲ್ಲಿತನಕ ಕೇಳಿಸುತ್ತಿತ್ತೆ?

ದಿಬ್ಬ: ನೀ ಅಭಿಮಾನಿ ಅಲ್ಲ. ಅದಕ್ಕ ಇಂಥಾ ಪ್ರಶ್ನೆ ಕೇಳ್ತಿ.

ನಾವು: ಅಲ್ಲಿ ಗುಡ್ಡ ಒಡೆದು ಕಲ್ಲು ಸಾಗಿಸುತ್ತಿದ್ದಾಗ ಅಭಿಮಾನಿಯಾಗಿ ಏನು ಮಾಡಿದಿರಿ?

ದಿಬ್ಬ: ಖುಷಿಪಟ್ಟೆ ಅಂತ ಬರಿಬ್ಯಾಡ ಮತ್ತ. ಆದರ ಕಲ್ಲು ಕಡಿಮಿ ಆದಷ್ಟು ಹಾಡು ಅಪರೂಪ ಆಗ್ತೈತಿ, ಅದು ಲೆಕ್ಕ.

(ಇಷ್ಟು ನಿರಾಳವಾಗಿ ಹೇಳಿದ್ದು ಕೇಳಿ ಪೆನ್ನು ಒಂದು ಗಳಿಗೆ ನಿಂತಿತು. ದಿಬ್ಬ ಅದನ್ನು ಮೆಚ್ಚುಗೆ ಎಂದುಕೊಂಡಿತು.)

ನಾವು: ದರೋಜಿ ಈರಮ್ಮನವರು ಇಲ್ಲೇ ಪಕ್ಕದವರು. ಅಕ್ಷರ ಬಾರದಿದ್ದರೂ ಹನ್ನೆರಡು ಮಹಾಕಾವ್ಯ ಬಾಯಲ್ಲಿಟ್ಟುಕೊಂಡಿದ್ದರು, ತಂಬೂರಿ ಹಿಡಿದು ಬುರ್ರಕಥೆ ಹೇಳುತ್ತಿದ್ದರು.

ದಿಬ್ಬ: ನಮ್ಮಕ್ಕ! ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಡೋಕಿಂತ ಮೊದಲ ನಾನು ಅಭಿಮಾನಿ. ಮಂದಿ ಬರೇ ಕುಮಾರರಾಮ, ಕುಮಾರರಾಮ ಅಂತಾರ. ನಾನು ಉಳಿದ ಹನ್ನೊಂದರವ.

ನಾವು: ಆ ಹನ್ನೊಂದರ ಹೆಸರು?

ದಿಬ್ಬ: (ಕೆಮ್ಮುತ್ತಾ) ಈ ಚಿಮಣಿ ಹೊಗಿ ನೋಡು, ಮಾತಾಡಾಕ ಬಿಡಂಗಿಲ್ಲ.

ನಾವು: ಒಂದನ್ನಾದರೂ ಕೂತು ಪೂರ್ತಿ ಕೇಳಿದ್ದೀರಾ? 2014ರಲ್ಲಿ ಅವರು ತೀರಿಕೊಂಡರು.

ದಿಬ್ಬ: ಮುಂದಿನ ಪ್ರಶ್ನೆ.

ನಾವು: ಪಕ್ಕದ ಸ್ಥಾವರದ್ದೂ ಬೂದಿಯೇ ಅಲ್ಲವೇ?

ದಿಬ್ಬ: ಸಾವಿರದೇಳುನೂರು ಮೆಗಾವಾಟಿನ ಬೂದಿ. ಅದು ಸಿಮೆಂಟಿಗೆ ಹೋಗ್ತೈತಿ, ಎಲ್ಲರ ಮನಿ ಗೋಡ್ಯಾಗ ಕುಂದರ್ತೈತಿ. ಹಿಟ್ ಬೂದಿ! ನನ್ನನ್ನ ರಾಕ್ಷಸರ ಎಲುಬು ಅಂದ್ರು, ಜ್ವಾಲಾಮುಖಿ ಅಂದ್ರು. ಆಗ ನೋಡಾಕ ನಾಕು ಮಂದಿ ಬರ್ತಿದ್ರು. ಸಗಣಿ ಅಂತ ಗೊತ್ತಾದ ಮ್ಯಾಲೆ ಒಬ್ಬರೂ ಇಲ್ಲ. ಇರಲಿ, ಅಷ್ಟಷ್ಟು ಅಪರೂಪ ಆಗ್ತೀನಿ.

ನಾವು: ಕಡೆಗೊಂದು ಕೇಳಿಕೆ ತಾತಾ. ನಮ್ಮ ಓದುಗರು ಕೇಳಲೇಬೇಕಾದ ಒಂದು ಹಾಡು ಹೇಳಿ.

ದಿಬ್ಬ: ಐತಿ ಒಂದು. ಸಿನಿಮಾ ಬಿಡುಗಡೆ ಆಗಲಿಲ್ಲ, ಗ್ರಾಮಫೋನ್ ತಟ್ಟೆ ಒಂದೇ ಉಳಿದೈತಿ. ಕೇಳಿದ್ರ ಕಣ್ಣಾಗ ನೀರು ಬರ್ತಾವ.

ನಾವು: ಯಾವುದು ತಾತಾ?

ದಿಬ್ಬ: ಹುಚ್ಚನೇನು ನೀನು? ನೀ ಅಚ್ಚು ಹಾಕಿಸಿದ್ರ ಎಲ್ಲರೂ ಕೇಳ್ತಾರ.